ಮಡ್‌ಗಾರ್ಡ್ ಇಲ್ಲದ ಕಾರು

ನನಗೆ ಸಿಟ್ಟು ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಬರುವುದರಲ್ಲಿ ಅದಕ್ಕೂ ಒಂದು ಪಾಲಿದೆ. ಅರಸೀಕೆರೆಯಲ್ಲಿ ಲೇಥ್ ಅಂಗಡಿ ಇಟ್ಟುಕೊಂಡು ಕೂದಲು ನರೆಯಿಸಿಕೊಂಡವನು ನಾನು. ಎಣ್ಣೆ ಗಾಣದ ಶಾಫ್ಟು, ಬೋರ್‌ವೆಲ್ ಮೋಟಾರಿನ ಬುಷ್, ಟ್ರ್ಯಾಕ್ಟರಿನ ಪಿನ್ನು, ಇವು ನನ್ನ ಹೊಟ್ಟೆಪಾಡು. ಹಳೆಯ ರೇಸ್ ಕಾರು ನನ್ನ ಹುಚ್ಚು. ಹೊಟ್ಟೆಪಾಡಿನಲ್ಲಿ ಯಾರಾದರೂ ತಪ್ಪು ಮಾಡಿದರೆ ನಾಲ್ಕು ಬೈದು ಸುಮ್ಮನಾಗುತ್ತೇನೆ. ಹುಚ್ಚಿನಲ್ಲಿ ತಪ್ಪಾದರೆ ಮಾತ್ರ ನನಗೆ ಮೈಮೇಲೆ ಎಚ್ಚರ ಇರುವುದಿಲ್ಲ.

ಈ ಹುಚ್ಚಿಗೆ ಜೊತೆಗಾರರು ಇಬ್ಬರು. ಒಬ್ಬ ಮಾದಿಹಳ್ಳಿಯ ಗೆಳೆಯ. ತೆಂಗಿನ ತೋಟ, ಗದ್ದೆ, ನಾಲ್ಕು ಹಸು ಇಟ್ಟುಕೊಂಡವನು, ಕಾಲೇಜಿನ ದಿನಗಳಿಂದ ನನ್ನನ್ನು ಏನ್ಲಾ ಎಂದೇ ಮಾತಾಡಿಸುವವನು. ಇನ್ನೊಬ್ಬರು ಬೇಲೂರಿನ ಮೇಷ್ಟ್ರು. ಅವರ ಮನೆತನದ್ದು ದೇವಸ್ಥಾನದ ಸೇವೆ, ಅವರು ಮಾತ್ರ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತರಾದವರು. ತಿಂಗಳಿಗೊಂದು ಭಾನುವಾರ ಮೂವರೂ ಅರಸೀಕೆರೆ ರೈಲ್ವೆ ಸ್ಟೇಷನ್ನಿನ ಎದುರಿನ ಹೋಟೆಲಿನಲ್ಲಿ ಸೇರುತ್ತೇವೆ. ಮಾಣಿಗೆ ನಮ್ಮನ್ನು ಕಂಡರೆ ಆಗುವುದಿಲ್ಲ. ಮೂರು ಕಾಫಿಗೆ ಮೂರು ಗಂಟೆ ಕೂರುತ್ತೇವೆ, ಮೇಷ್ಟ್ರು ನಡುನಡುವೆ ಬಾಯಲ್ಲೇ ಎಂಜಿನ್ ಸದ್ದು ಬೇರೆ ಮಾಡಿ ತೋರಿಸುತ್ತಾರೆ.

ಇದೇ ಸ್ಟೇಷನ್ನಿನಿಂದ ರೈಲು ಹತ್ತಿ, ಬೆಂಗಳೂರಿನಲ್ಲಿ ಬದಲಾಯಿಸಿ, ನಾನೂ ಮಾದಿಹಳ್ಳಿಯವನೂ ಹರೆಯದಲ್ಲಿ ಮದ್ರಾಸಿಗೆ ಹೋಗುತ್ತಿದ್ದೆವು. ಊರಾಚೆ ಬಳಸದೆ ಬಿಟ್ಟಿದ್ದ ಒಂದು ವಿಮಾನದ ರನ್‌ವೇ ಮೇಲೆ ರೇಸ್ ನಡೆಯುತ್ತಿತ್ತು. ಒಬ್ಬನೇ ಕೂರುವ ಕಾರುಗಳು. ಮೇಲೆ ಚಾವಣಿಯಿಲ್ಲ, ಬಾಗಿಲಿಲ್ಲ, ನಾಲ್ಕು ಚಕ್ರವೂ ಮೈಯಿಂದ ಹೊರಗೆ, ಅವುಗಳ ಮೇಲೆ ಮಡ್‌ಗಾರ್ಡೂ ಇಲ್ಲ. ಎಂಜಿನ್ನು ಚಾಲಕನ ತಲೆಯ ಹಿಂದೆಯೇ ಮುಚ್ಚಳವಿಲ್ಲದೆ ತೆರೆದುಕೊಂಡಿರುತ್ತಿತ್ತು. ಆ ಎಂಜಿನ್ನುಗಳಿಗೆ ಹರಳೆಣ್ಣೆ ಬೆರೆಸಿದ ಆಯಿಲ್ ಹಾಕುತ್ತಿದ್ದರು. ನಮ್ಮ ಕಡೆ ಹರಳೆಣ್ಣೆಯ ವಾಸನೆ ಬಂದರೆ ಎಲ್ಲರಿಗೂ ಅಜ್ಜಿ ಮೂಗು ಹಿಡಿದು ಕುಡಿಸಿದ್ದು ನೆನಪಾಗುತ್ತದೆ. ನಮಗಿಬ್ಬರಿಗೆ ಇವತ್ತಿಗೂ ಆ ರನ್‌ವೇ ನೆನಪಾಗುತ್ತದೆ. ಈಗಿನ ರೇಸುಗಳನ್ನು ಮೇಷ್ಟ್ರು ಫೋನಿನಲ್ಲಿ ತೋರಿಸುತ್ತಾರೆ. ಅವು ವೇಗದವೇ ಇರಬಹುದು, ನನಗೇನು. ಮಿಕ್ಸಿಯ ಸದ್ದು ಕೇಳಬೇಕೆಂದರೆ ನಾನು ಅಡುಗೆಮನೆಗೆ ಹೋಗುತ್ತೇನೆ.

ಅಂಥ ಒಂದು ಕಾರು ಅರೇಹಳ್ಳಿಯ ಕಡೆ ಒಂದು ಕಾಫಿ ತೋಟದ ಗೋದಾಮಿನಲ್ಲಿ ಗೋಣಿಚೀಲಗಳ ಕೆಳಗೆ ಬಿದ್ದಿದೆ ಎಂದು ಮಾದಿಹಳ್ಳಿಯವನಿಗೆ ಗೊತ್ತಾಯಿತು. ತೋಟದ ಹಳೆಯ ಯಜಮಾನರು ಹರೆಯದಲ್ಲಿ ಅದನ್ನು ಓಡಿಸಿದ್ದರಂತೆ. ಅದನ್ನು ಅವನು ಕೊಂಡು ತಂದು ನನ್ನ ಅಂಗಡಿಯಲ್ಲಿ ಇಳಿಸಿದ. ಇಲಿಗಳು ಸೀಟಿನೊಳಗೆ ಸಂಸಾರ ಹೂಡಿದ್ದವು. ಎರಡು ವರ್ಷ ಕೆಲಸ ಮಾಡಿದೆ. ಸಿಗದ ಭಾಗಗಳನ್ನು ಲೇಥಿನಲ್ಲಿ ಕಡೆದೆ, ಕಡೆದದ್ದು ಸರಿಹೋಗದಿದ್ದರೆ ಮತ್ತೆ ಕಡೆದೆ. ಪೆಟ್ರೋಲಿಗೆ ಗಾಳಿ ಬೆರೆಸುವ ಎರಡು ಕಾರ್ಬುರೇಟರು, ಅವುಗಳ ಮೇಲೆ ಗಾಳಿ ಎಳೆಯುವ ನಾಲ್ಕು ಬಾಯಿ, ಊದುವ ಮೌರಿಯ ಬಾಯಿಯಂತೆ ಅಗಲ. ಅವಕ್ಕೆ ನಾನು ಫಿಲ್ಟರ್ ಹಾಕಲಿಲ್ಲ. ಫಿಲ್ಟರ್ ಹಾಕಿದರೆ ಆ ಹಳೆಯ ಸದ್ದು ಬರುವುದಿಲ್ಲ.

“ಒಂದು ಸಣ್ಣ ಜಾಲರಿಯನ್ನಾದರೂ ಹಾಕಬಹುದಿತ್ತು ಕಣ್ರೀ,” ಎಂದರು ಮೇಷ್ಟ್ರು.

“ಸೊಳ್ಳೆಪರದೇನೂ ಕಟ್ಟೋಣ್ವಾ ಮೇಷ್ಟ್ರೇ?” ಎಂದೆ. ಅವರು ಮತ್ತೆ ಆ ಮಾತೆತ್ತಲಿಲ್ಲ. ಬದಲಿಗೆ ನಾನೇ ಒಂದು ಕಟ್ಟುನಿಟ್ಟು ಮಾಡಿದೆ. ಎಂಜಿನ್ ನಿಂತಿರುವಾಗ ನಾಲ್ಕು ಬಾಯಿಗೂ ಹಳೆಯ ಪಂಚೆಯ ತುಂಡು ತುರುಕಿರಬೇಕು. ನಾನಲ್ಲದೆ ಯಾರೂ ಅದನ್ನು ಮುಟ್ಟಕೂಡದು.

ಕಾರು ಸಿದ್ಧವಾಗುವ ಹೊತ್ತಿಗೆ ಮಾದಿಹಳ್ಳಿಯಲ್ಲಿ ಇನ್ನೊಂದು ವಿಷಯ ನಡೆದಿತ್ತು. ಗೆಳೆಯ ತನ್ನ ಮನೆಯ ಕಾರನ್ನು ಒಳಗೆ ತರುವಾಗ ಬ್ರೇಕೆಂದು ಆಕ್ಸಿಲರೇಟರ್ ತುಳಿದು ಗೇಟಿನ ಕಂಬಕ್ಕೆ ಗುದ್ದಿದ್ದ. ಕಂಬ ಉರುಳಿತ್ತು. ಕಂಬದಾಚೆ ಅವನ ಹೆಂಡತಿ ಹಸುವಿಗೆ ಮುಸುರೆ ಇಡುತ್ತಿದ್ದಳು. ಅವಳು ನನ್ನನ್ನು ಅಣ್ಣ ಎನ್ನುತ್ತಾಳೆ, ಮಾತು ಕಡಿಮೆ, ಆಡಿದ್ದನ್ನು ಹಿಂತೆಗೆದುಕೊಳ್ಳುವವಳಲ್ಲ. ವಯಸ್ಸು ಅರವತ್ತೇಳಾಯ್ತು, ಕಾಲು ಹೇಳಿದ ಮಾತು ಕೇಳ್ತಾ ಇಲ್ಲ, ಇನ್ನು ಓಡಿಸೋದು ಸಾಕು ಎಂದಳು. ಅವನಿಗೆ ಅದು ಸಾವಿನ ಸುದ್ದಿ ಕೇಳಿದಂತಾಯಿತು. ಇಪ್ಪತ್ತನೇ ವಯಸ್ಸಿನಿಂದ ಜೀಪು, ಲಾರಿ, ಟ್ರ್ಯಾಕ್ಟರ್ ಎಲ್ಲ ಓಡಿಸಿದವನು. ಎಲ್ಲಿಗಾದರೂ ಹೋಗಲು ಇನ್ನೊಬ್ಬರ ಮುಖ ನೋಡಿ ಅಭ್ಯಾಸವೇ ಇರಲಿಲ್ಲ.

“ಆ ರೇಸ್ ಗಾಡಿನ ಸರ್ಯಾಗಿ ಓಡ್ಸಿ ನಿಲ್ಲಿಸ್ತೀನಿ, ನೋಡ್ತಿರು. ಅದಕ್ಕೆ ಬೇಕಾದಂಥ ಕಾಲು ಇನ್ಯಾವ ಗಾಡಿಗೂ ಬ್ಯಾಡ. ಆಗ್ಲಿಲ್ಲ ಅಂದ್ರೆ ಎಲ್ಲಾ ಕೀನೂ ನಾನೇ ನಿನ್ ಕೈಗೆ ಕೊಡ್ತೀನಿ,” ಎಂದು ಅವನೇ ಮಾತು ಕೊಟ್ಟ. ನನ್ನೆದುರಿಗೇ ಕೊಟ್ಟ. ಅವಳು ನನ್ನ ಕಡೆ ತಿರುಗಿ, “ಕೇಳಿಸ್ಕೊಂಡ್ರಲ್ಲ ಅಣ್ಣಾ,” ಎಂದಳು.

ಹೀಗಾಗಿ ಕಾರನ್ನು ಓಡಿಸಿ ನೋಡಲು ಗೊತ್ತುಮಾಡಿದ್ದ ಭಾನುವಾರ ಬೆಳಿಗ್ಗೆ ಓಡಬೇಕಾಗಿದ್ದದ್ದು ಕಾರು ಮಾತ್ರವಲ್ಲ.

ಹಳೇಬೀಡಿನ ಆಚೆ ಯಾರೋ ಸೈಟು ಮಾಡಿ ಮಾರಾಟವಾಗದೆ ಬಿಟ್ಟ ಒಂದು ಬಡಾವಣೆ ಇದೆ. ಮನೆ ಒಂದೂ ಇಲ್ಲ, ಡಾಂಬರು ರಸ್ತೆ ಮಾತ್ರ ಚೆನ್ನಾಗಿದೆ. ಎರಡು ಫರ್ಲಾಂಗು ನೇರ, ಆಮೇಲೆ ಎಡಕ್ಕೊಂದು ತಿರುವು. ತಿರುವಿನಾಚೆ ಕಲ್ಲುಚಪ್ಪಡಿಗಳನ್ನು ನಿಲ್ಲಿಸಿದ ಬೇಲಿ, ಅದರಾಚೆ ರಾಗಿ ಹೊಲ. ಅನುಮತಿ ಕೇಳಿಕೊಂಡು ನಾವು ಮೂವರೂ ಅವನ ಹೆಂಡತಿಯೂ ಅಲ್ಲಿಗೆ ಹೋದೆವು. ತಿರುವಿಗೆ ಸಾಕಷ್ಟು ಮುಂಚೆ ರಸ್ತೆಗೆ ಅಡ್ಡವಾಗಿ ನಾನು ಸುಣ್ಣದ ಗೆರೆ ಎಳೆದೆ.

“ಈ ಗೆರೆ ಕಂಡ ತಕ್ಷಣ ಕಾಲು ಎತ್ತು. ಆಮೇಲೆ ಬ್ರೇಕು. ಗೆರೆ ದಾಟಿ ಎತ್ತಿದ್ರೆ ಆ ಚಪ್ಪಡಿಗೆ ಹೋಗಿ ಬೀಳ್ತೀಯ,” ಎಂದು ಹೇಳಿದ್ದನ್ನೇ ಹೇಳಿದೆ.

“ಎಷ್ಟ್ ಸಲ ಹೇಳ್ತೀಯೋ ಮಾರಾಯ,” ಎಂದ. ನಕ್ಕ. ಆದರೆ ಅವನ ತುಟಿ ಒಣಗಿತ್ತು.

ಮೇಷ್ಟ್ರು ಪೂಜೆ ಮಾಡಿದರು. ಚಕ್ರಗಳಿಗೆ ನಿಂಬೆಹಣ್ಣು, ಮೂತಿಗೆ ಅರಿಶಿನ ಕುಂಕುಮ, ಒಂದು ಮೊಳ ಸೇವಂತಿಗೆ. ಪೂಜೆ ಮುಗಿಯುವ ತನಕ ನಾಲ್ಕು ಬಾಯಿಗೂ ಬಟ್ಟೆ ತುರುಕಿಯೇ ಇತ್ತು. ಎಂಜಿನ್ ಕಡೆ ಕುಂಕುಮದ ಕೈ ಚಾಚಿದ್ದಕ್ಕೆ ನಾನು ಮೇಷ್ಟ್ರ ಮೇಲೆ ರೇಗಿದೆ. ಪಾಪ, ಅವರು ಕೈ ಹಿಂದೆಗೆದುಕೊಂಡರು. ಆಮೇಲೆ ಬಟ್ಟೆ ತೆಗೆದು ಎಂಜಿನ್ ಶುರು ಮಾಡಿದೆ.

ಆ ಸದ್ದಿನ ಬಗ್ಗೆ ಬರೆಯಲು ನನಗೆ ಬರುವುದಿಲ್ಲ. ಮೇಷ್ಟ್ರು ಕಣ್ಣು ಒರೆಸಿಕೊಂಡರು. ನಾನು ಹೊಗೆಯೆಂದು ಕೆಮ್ಮಿದೆ. ಹರಳೆಣ್ಣೆಯ ವಾಸನೆ ರಸ್ತೆಯ ತುಂಬ ಹರಡಿತು. ಅವನ ಹೆಂಡತಿ ಮಾತ್ರ ಸೆರಗಿನಿಂದ ಮೂಗು ಮುಚ್ಚಿಕೊಂಡು ಗಂಡನ ಕಾಲಿನ ಕಡೆಯೇ ನೋಡುತ್ತಿದ್ದಳು.

ಎರಡು ಸುತ್ತು ನಿಧಾನವಾಗಿ ಹೋಗಿ ಬಂದ. ಎರಡು ಸಲವೂ ಗೆರೆಯ ಹತ್ತಿರ ಸದ್ದು ಇಳಿಯಿತು, ಕಾರು ತಗ್ಗಿತು, ತಿರುಗಿ ಬಂತು. ಮೂರನೆಯದು ನಿಜವಾದ ಓಟ. ನಮ್ಮ ಮುಂದೆ ತಂದು ನಿಲ್ಲಿಸಿದ, ಎಂಜಿನ್ ಓಡುತ್ತಲೇ ಇತ್ತು. ಹೆಲ್ಮೆಟ್ಟಿನೊಳಗಿಂದ ನನ್ನ ಕಡೆ ನೋಡಿದ. ಆ ಕಣ್ಣಿನಲ್ಲಿ ಭಯ ಇತ್ತು, ಆಸೆಯೂ ಇತ್ತು. ಮೇಷ್ಟ್ರು ತಟ್ಟೆಯಲ್ಲಿ ಉಳಿದಿದ್ದ ಅಕ್ಷತೆಯನ್ನು ನನ್ನ ಕೈಗೆ ಹಾಕಿ, “ನೀವೂ ಒಂದು ಕಾಳು ಹಾಕಿ ಕಣ್ರೀ, ಅವರಿಗೆ ಧೈರ್ಯ,” ಎಂದರು. ನಾನು ದೇವರು ದಿಂಡರು ಎನ್ನುವವನಲ್ಲ. ಆದರೂ ಆ ಹೊತ್ತಿಗೆ ಮನಸ್ಸು ಕರಗಿತು. ಎದುರಿಗೆ ನಿಂತು, ಮದುಮಗನಿಗೆ ಹಾಕುವ ಹಾಗೆ, ಹಿಡಿ ತುಂಬ ಅಕ್ಷತೆಯನ್ನು ಅವನ ತಲೆಯ ಮೇಲೆ ಎರಚಿದೆ. ಅವನು ಹೆಬ್ಬೆರಳು ಎತ್ತಿದ. ಹೊರಟ.

ಕಾರು ದೂರ ಹೋದಂತೆ ಸದ್ದು ಏರಿತು. ಮೇಷ್ಟ್ರು ನನ್ನ ತೋಳು ಹಿಡಿದುಕೊಂಡರು. ಗೆರೆ ಹತ್ತಿರ ಬಂತು. ಈಗ ಎತ್ತುತ್ತಾನೆ ಎಂದುಕೊಂಡೆ. ಸದ್ದು ಸ್ವಲ್ಪ ತಗ್ಗಿತು, ಆದರೆ ಇಳಿಯಲಿಲ್ಲ. ಗೆರೆ ದಾಟಿತು. “ಕಾಲು ಎತ್ತೋ!” ಎಂದು ಕಿರುಚಿದೆ, ಅವನಿಗೆ ಕೇಳುವ ಹಾಗಿರಲಿಲ್ಲ. ಬ್ರೇಕಿನ ಹೊಗೆ ಕಂಡಿತು. ಬ್ರೇಕು ಹಿಡಿಯುತ್ತಿದೆ, ಎಂಜಿನ್ನು ತಳ್ಳುತ್ತಿದೆ. ತಿರುವು ಬಂತು, ಕಾರು ತಿರುಗಲಿಲ್ಲ. ಅಷ್ಟರಲ್ಲಿ ಎಂಜಿನ್ ಸದ್ದು ಒಮ್ಮೆಗೇ ನಿಂತುಹೋಯಿತು. ಆ ನಿಶ್ಶಬ್ದ ಸದ್ದಿಗಿಂತ ಕೆಟ್ಟದಾಗಿತ್ತು. ಕಾರು ಎರಡು ಚಪ್ಪಡಿಗಳ ನಡುವಿನ ಗಾಡಿ ದಾರಿಯಲ್ಲಿ ನುಗ್ಗಿ ರಾಗಿ ಹೊಲದೊಳಗೆ ಮಾಯವಾಯಿತು.

ನಾವು ಓಡಿದೆವು. ಅವನ ಹೆಂಡತಿ ನಮ್ಮಿಬ್ಬರಿಗಿಂತ ಮುಂದೆ ಓಡಿದಳು. ರಾಗಿಯ ನಡುವೆ ಕಾರು ಓರೆಯಾಗಿ ನಿಂತಿತ್ತು. ಅವನು ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು ಕೂತಿದ್ದ. ಗಾಯವಿಲ್ಲ. ಗಾಯವಿಲ್ಲ ಎಂದು ಗೊತ್ತಾದ ಕೂಡಲೇ ನನ್ನ ಭಯವೆಲ್ಲ ಸಿಟ್ಟಾಯಿತು.

“ಗೆರೆ ಕಾಣ್ಲಿಲ್ವೇನೋ ನಿಂಗೆ? ಕಾಲು ಯಾಕೆ ಎತ್ಲಿಲ್ಲ?”

“ಎತ್ತಿದ್ನಲ್ಲೋ.”

“ಎತ್ತಿದ್ರೆ ಎಂಜಿನ್ನು ಯಾಕೆ ತಳ್ತಾ ಇತ್ತು? ದೆವ್ವ ಬಂದು ತುಳೀತಿತ್ತಾ?”

“ಎತ್ತಿದೆ ಕಣ್ಲಾ. ಆದ್ರೂ ನಿಲ್ಲಲಿಲ್ಲ. ಸ್ವಿಚ್ ಆಫ್ ಮಾಡ್ದೆ.”

ನಾನು ಬಗ್ಗಿ ಪೆಡಲನ್ನು ಕೈಯಿಂದ ಒತ್ತಿ ಬಿಟ್ಟೆ. ಸಲೀಸಾಗಿ ಹೋಗಿ ಸಲೀಸಾಗಿ ಬಂತು. ಹಿಂದೆ ಕಾರ್ಬುರೇಟರಿನಲ್ಲಿ, ಕಾಲು ಎತ್ತಿದಾಗ ಗಾಳಿಯ ದಾರಿ ಮುಚ್ಚುವ ತಗಡು ಟಕ್ ಎಂದು ಮುಚ್ಚಿತು. ಮತ್ತೆ ಒತ್ತಿದೆ, ಮತ್ತೆ ಟಕ್. ಎಲ್ಲರಿಗೂ ಕೇಳುವಂತೆ ಹೇಳಿದೆ: “ಗಾಡೀದೇನೂ ತಪ್ಪಿಲ್ಲ. ನಿನ್ ಕಾಲಿಂದೇ.”

ಎರಡು ವರ್ಷ ನಾನು ಕಟ್ಟಿದ ಎಂಜಿನ್ನಿಗೆ ಕೆಟ್ಟ ಹೆಸರು ಬರಬಾರದು ಎನ್ನುವುದೇ ಆಗ ನನ್ನ ತಲೆಯಲ್ಲಿ ಇದ್ದದ್ದು. ಇಂದು ಅದನ್ನು ಬರೆಯಲು ನಾಚಿಕೆಯಾಗುತ್ತದೆ.

ಅವನು ತನ್ನ ಬಲಗಾಲನ್ನು ನೋಡಿಕೊಂಡ. ಬಹಳ ಹೊತ್ತು ನೋಡಿಕೊಂಡ. “ಎತ್ತಿದೆ ಅನ್ಕಂಡೆ,” ಎಂದ. ಆಮೇಲೆ ಎದ್ದು, ಜೇಬಿನಿಂದ ಕೀ ಗೊಂಚಲು ತೆಗೆದು ಹೆಂಡತಿಯ ಕಡೆ ಚಾಚಿದ. ಕಾರಿನದು, ಟ್ರ್ಯಾಕ್ಟರಿನದು, ಸ್ಕೂಟರಿನದು. ಅವಳು ತೆಗೆದುಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. “ಜೀವ ಉಳೀತಲ್ಲ, ಅಷ್ಟು ಸಾಕು,” ಎಂದಳು. ಗೆದ್ದ ಮುಖ ಅವಳದಾಗಿರಲಿಲ್ಲ.

ಕಾರು ಮತ್ತೆ ನನ್ನ ಅಂಗಡಿಗೆ ಬಂತು. ಮುಖ ಸಿಂಡರಿಸಿಕೊಂಡು ಅದರ ಮೇಲೆ ಟಾರ್ಪಾಲು ಎಳೆದು ಬಿಟ್ಟೆ. ಮೂರು ವಾರದ ಮೇಲೆ ಒಂದು ಮಧ್ಯಾಹ್ನ ಕೆಲಸವಿಲ್ಲದೆ, ಹೊಲದ ಮಣ್ಣನ್ನಾದರೂ ತೆಗೆಯೋಣ ಎಂದು ಕಾರ್ಬುರೇಟರ್ ಬಿಚ್ಚಿದೆ. ತಗಡನ್ನು ಬೆರಳಿನಲ್ಲಿ ತೆರೆದಾಗ ಅದರ ಅಂಚಿನಲ್ಲಿ, ಗೋಡೆಗೆ ಅಂಟಿಕೊಂಡು ಏನೋ ಕಂಡಿತು. ಚಿಮಟದಲ್ಲಿ ಹಿಡಿದು ಬೆಳಕಿಗೆ ತಂದೆ. ಅರ್ಧ ಅಕ್ಕಿ ಕಾಳು. ಪೆಟ್ರೋಲಿನಲ್ಲಿ ನೆಂದು ಒಣಗಿದ್ದರೂ ಅರಿಶಿನದ ಹಳದಿ ಪೂರ್ತಿ ಹೋಗಿರಲಿಲ್ಲ.

ಸ್ಟೂಲಿನ ಮೇಲೆ ಕೂತುಬಿಟ್ಟೆ. ಯಾರೂ ವಿವರಿಸಬೇಕಾಗಿರಲಿಲ್ಲ. ಓಡುತ್ತಿದ್ದ ಎಂಜಿನ್ನು, ತೆರೆದ ಬಾಯಿ, ಅವನ ತಲೆಯ ಮೇಲಿಂದ ಹಿಂದಕ್ಕೆ ಹಾರಿದ ನನ್ನ ಹಿಡಿ ಅಕ್ಷತೆ. ಅವನು ಕಾಲು ಎತ್ತಿದ್ದ. ತಗಡು ಮುಚ್ಚಲು ಹೋಗಿ ಕಾಳಿನ ಮೇಲೆ ಕಚ್ಚಿಕೊಂಡು ಅರ್ಧದಲ್ಲೇ ನಿಂತಿತ್ತು. ಅಷ್ಟು ಹಗುರದ ಗಾಡಿಗೆ ಅಷ್ಟು ಗಾಳಿ ಸಾಕು. ಹೊಲಕ್ಕೆ ನುಗ್ಗಿದ ಏಟಿಗೆ ಕಾಳು ಮುರಿದು ತಗಡು ಬಿಡುಗಡೆಯಾಗಿತ್ತು. ಆಮೇಲೆ ನಾನು ಹೋಗಿ ಪೆಡಲ್ ಒತ್ತಿ ತೀರ್ಪು ಕೊಟ್ಟಿದ್ದೆ. ಮೇಷ್ಟ್ರ ಕುಂಕುಮದ ಕೈಗೆ ರೇಗಿದವನೇ, ಜಾಲರಿ ಬೇಡವೆಂದವನೇ.

ಅರ್ಧ ಕಾಳನ್ನು ಬೆಂಕಿಪೊಟ್ಟಣದಲ್ಲಿ ಹಾಕಿಟ್ಟೆ. ಮಾರನೆಯ ದಿನವೇ ಮಾದಿಹಳ್ಳಿಗೆ ಹೋಗಬೇಕಿತ್ತು. ಹೋಗಲಿಲ್ಲ. ನನ್ನ ಮನಸ್ಸು ಎಂಥೆಂಥ ನೆಪ ಹುಡುಕಿತು ಎಂದರೆ, ಗೇಟಿನ ಕಂಬ ಬಿದ್ದದ್ದಂತೂ ಅವನ ಕಾಲಿನಿಂದಲೇ ಅಲ್ಲವೇ, ಓಡಿಸದೆ ಇರುವುದೇ ಅವನಿಗೆ ಕ್ಷೇಮ ಅಲ್ಲವೇ, ನಾನು ಬಾಯಿಬಿಟ್ಟು ನಾಳೆ ಏನಾದರೂ ಆದರೆ ಅದೂ ನನ್ನ ತಲೆಗೇ ಅಲ್ಲವೇ. ಎಲ್ಲವೂ ನ್ಯಾಯವಾದ ಮಾತುಗಳೇ. ಹೇಳದೆ ಇದ್ದದ್ದು ಮಾತ್ರ ಅವುಗಳಿಗಾಗಿ ಅಲ್ಲ. ನನ್ನ ಕೈ ತಪ್ಪಿತು ಎನ್ನುವ ಮಾತು ನನ್ನ ಬಾಯಲ್ಲಿ ಬರುತ್ತಿರಲಿಲ್ಲ.

ಒಂಬತ್ತು ದಿನ ಕಳೆದು ನಮ್ಮ ತಿಂಗಳ ಭಾನುವಾರ ಬಂತು. ಮೇಷ್ಟ್ರೂ ನಾನೂ ಹೋಟೆಲಿನಲ್ಲಿ ಕಾದಿದ್ದೆವು. ಅವನು ಮೊದಲ ಸಲ ಬಸ್ಸಿನಲ್ಲಿ ಬಂದ. ಬಸ್ಸು ತಡವಾಯಿತೆಂದು ನಮ್ಮ ಕ್ಷಮೆ ಕೇಳಿದ. ಅವನು ನನ್ನ ಕ್ಷಮೆ ಕೇಳಿದ್ದು! ಕಾಫಿ ಬಂತು. ಮೇಷ್ಟ್ರು ಯಾವುದೋ ಹಳೆಯ ಫೋಟೊ ತೋರಿಸುತ್ತಿದ್ದರು. ನನ್ನ ಲೋಟದ ಕಾಫಿ ಸಣ್ಣಗೆ ಅಲುಗುತ್ತಿತ್ತು. ಮೇಜಿನ ಕೆಳಗೆ ನೋಡಿದೆ. ಅವನು ಬಲಗಾಲನ್ನು ಎತ್ತುತ್ತಿದ್ದ, ಇಳಿಸುತ್ತಿದ್ದ, ಮತ್ತೆ ಎತ್ತುತ್ತಿದ್ದ.

“ಹಾಸನದಾಗೆ ನರದ ಡಾಕ್ಟ್ರು ಒಬ್ಬರು ಅವ್ರಂತೆ,” ಎಂದ. “ಮಂಗಳವಾರ ಬರಕ್ಕೇಳವ್ರೆ. ತಲೆ ಹೇಳಿದ್ದು ಕಾಲಿಗೆ ಹೋಗ್ತಾ ಐತೋ ಇಲ್ವೋ ನೋಡ್ತಾರಂತೆ.”

ಬೆಂಕಿಪೊಟ್ಟಣ ನನ್ನ ಅಂಗಿ ಜೇಬಿನಲ್ಲೇ ಇತ್ತು. ಆಗಲೂ ಹೇಳಲಿಲ್ಲ. ಅವನನ್ನು ಬಸ್ಸು ಹತ್ತಿಸಿ ಮನೆಗೆ ಬಂದೆ, ಅನ್ನ ಸೇರಲಿಲ್ಲ.

ಸೋಮವಾರ ಬೆಳಿಗ್ಗೆ ಅಂಗಡಿ ತೆರೆಯದೆ ಬಸ್ಸು ಹಿಡಿದೆ. ಜಾವಗಲ್ ದಾಟುವ ತನಕ ಏನು ಹೇಳಬೇಕೆಂದು ಮನಸ್ಸಿನಲ್ಲಿ ಜೋಡಿಸಿಕೊಂಡೆ. ಮಾದಿಹಳ್ಳಿಯಲ್ಲಿ ಇಳಿಯುವ ಹೊತ್ತಿಗೆ ಎಲ್ಲ ಮರೆತುಹೋಗಿತ್ತು. ಅವನು ಜಗಲಿಯ ಮೇಲೆ ಕೂತಿದ್ದ, ಹೆಂಡತಿ ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ನಾನು ಚಪ್ಪಲಿಯನ್ನೂ ಬಿಡದೆ ಬೆಂಕಿಪೊಟ್ಟಣ ತೆರೆದು ಅವನ ಅಂಗೈಗೆ ಸುರಿದೆ.

“ಕಾರ್ಬುರೇಟರಿನಲ್ಲಿ ಸಿಕ್ತು. ಅವತ್ತು ನಾನು ಎರಚಿದ ಅಕ್ಷತೆ. ನೀನು ಕಾಲು ಎತ್ತಿದ್ದೆ ಕಣೋ. ತಗಡು ಮುಚ್ಚದೆ ಇದ್ದದ್ದು ಇದರಿಂದ. ತಪ್ಪು ನಂದು.”

ಬೈಯಲಿ ಎಂದು ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವನು ಅರ್ಧ ಕಾಳನ್ನು ಕಣ್ಣಿನ ಹತ್ತಿರ ತಂದು ನೋಡಿದ. ಆಮೇಲೆ ಹೆಂಡತಿಯ ಕಡೆ ತಿರುಗಿದ.

“ಎತ್ತಿದ್ನಂತೆ ಕಣೇ. ಕಾಲು ಎತ್ತಿದ್ನಂತೆ ನಾನು.”

ಅವಳು ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. “ಇದು ಯಾವತ್ತು ಸಿಕ್ತು ಅಣ್ಣಾ?”

ನೆನ್ನೆ ಎನ್ನಬಹುದಿತ್ತು. “ಹತ್ತು ದಿನ ಆಯ್ತಮ್ಮ,” ಎಂದೆ.

“ಹತ್ತು ದಿನ,” ಎಂದಳು. “ಹತ್ತು ದಿನಾನೂ ಇವರು ಇಲ್ಲೇ ಕೂತ್ಕಂಡು ಕಾಲು ಎತ್ತಿ ಇಳಿಸ್ತಾ ಇದ್ರು. ನಾನು ನೋಡ್ತಾ ಇದ್ದೆ.”

ತಲೆ ತಗ್ಗಿಸಿ ನಿಂತೆ. ಈ ವಯಸ್ಸಿನಲ್ಲಿ ಯಾರ ಮುಂದೆಯೂ ಹಾಗೆ ನಿಂತವನಲ್ಲ.

“ಗೇಟಿನ ಕಂಬಕ್ಕೂ ನೀವೇ ಅಕ್ಷತೆ ಹಾಕಿದ್ರಾ?” ಎಂದು ಕೇಳಿದಳು. ಅದು ತಮಾಷೆಯಾಗಿರಲಿಲ್ಲ.

“ಇಲ್ಲಮ್ಮ. ಅದು ಅವನದೇ.”

“ಅಷ್ಟಾದ್ರೂ ನಿಜ ಹೇಳಿದ್ರಿ.” ಅವರೆಕಾಯಿಯ ಮೊರ ಪಕ್ಕಕ್ಕಿಟ್ಟು ಎದ್ದಳು. ಗಂಡನಿಗೆ ಹೇಳಿದಳು: “ನಾಳೆ ಡಾಕ್ಟ್ರತ್ರ ಹೋಗಾದು ಹೋಗಾದೇ. ಅವರು ಏನಂತಾರೋ ಅದ್ರ ಮೇಲೆ. ಇವತ್ತು ಅಣ್ಣನ್ನ ಹಳೇಬೀಡು ಬಸ್‌ಸ್ಟ್ಯಾಂಡಿಗೆ ಬಿಟ್ಟು ಬರಾಣ. ನಾನೂ ಬತ್ತೀನಿ.” ಸೆರಗಿನ ಗಂಟು ಬಿಚ್ಚಿದಳು. ತಿಂಗಳಿಡೀ ಕೀ ಅಲ್ಲೇ ಇತ್ತೋ, ಆ ಹೊತ್ತಿಗೆ ಕಟ್ಟಿಕೊಂಡಿದ್ದಳೋ ನನಗೆ ಗೊತ್ತಿಲ್ಲ.

ಅವನು ಕೈ ಒರೆಸಿಕೊಂಡು ಸ್ಟೀರಿಂಗ್ ಹಿಡಿದ. ನಾನು ಪಕ್ಕದಲ್ಲಿ, ಅವಳು ಹಿಂದಿನ ಸೀಟಿನ ಅಂಚಿನಲ್ಲಿ. ಹೊಸ ಗೇಟಿನ ಕಂಬವನ್ನು ಒಂದು ಮಾರು ಬಿಟ್ಟು ದಾಟಿದ. ಊರು ಬಿಟ್ಟ ಮೇಲೆ ರಸ್ತೆ ಖಾಲಿಯಿತ್ತು, ಕಾರು ವೇಗ ಹಿಡಿಯಿತು. ಮುಂದೆ ತಿರುವಿತ್ತು, ತಿರುವಿನಲ್ಲಿ ಒಬ್ಬಾಕೆ ಎರಡು ಎಮ್ಮೆ ಹೊಡೆದುಕೊಂಡು ರಸ್ತೆ ದಾಟುತ್ತಿದ್ದಳು. ಹಿಂದಿನ ಸೀಟಿನಲ್ಲಿ ಉಸಿರು ನಿಂತದ್ದು ನನಗೆ ಕೇಳಿಸಿತು. ನಾನು ರಸ್ತೆ ನೋಡಲಿಲ್ಲ, ಎಮ್ಮೆ ನೋಡಲಿಲ್ಲ. ಅವನ ಬಲಗಾಲನ್ನು ನೋಡುತ್ತಿದ್ದೆ.

ಕಾಲು ಎದ್ದಿತು.